ಬಳಸಿದ ಲೆನ್ಸ್ ಮಾರಿದ ಮೇಲೆ ಕೊಂಡವರು ವಾಪಸ್ ಕೇಳುತ್ತಿದ್ದಾರೆ, ಒಪ್ಪಬೇಕೇ, ನಿರಾಕರಿಸಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಕೆಲವು ವರ್ಷ ಬಳಸಿದ ಕ್ಯಾಮೆರಾ ಲೆನ್ಸೊಂದನ್ನು ನೀವು ಆನ್‌ಲೈನ್ ಮಾರುಕಟ್ಟೆಯಲ್ಲಿ ‘ಉತ್ತಮ ಸ್ಥಿತಿಯಲ್ಲಿದೆ, ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದು ಬರೆದು ಮಾರಿದ್ದೀರಿ. ಪಾರ್ಸೆಲ್ ತಲುಪಿದ 12ನೆಯ ದಿನ ಕೊಂಡವರು ಒಳಗಿನ ಗಾಜಿನಲ್ಲಿ ಫಂಗಸ್ (ಬೂಷ್ಟು) ಇದೆಯೆಂದು ಒಂದು ಫೋಟೊ ಲಗತ್ತಿಸಿ, ವಸ್ತು ವಿವರಣೆಗೆ ತಕ್ಕಂತಿಲ್ಲ ಎಂಬ ಕಾರಣ ಕೊಟ್ಟು ದೂರು ದಾಖಲಿಸಿದ್ದಾರೆ. ಹಣವನ್ನು ತಡೆಹಿಡಿಯಲಾಗಿದೆ. ನೀವು ಕಳುಹಿಸಿದಾಗ ಲೆನ್ಸಿನಲ್ಲಿ ಅಂಥದ್ದೇನೂ ಇರಲಿಲ್ಲವೆಂದು ನಿಮಗೆ ಖಚಿತವಿದೆ, ಆದ್ದರಿಂದ ಈ ಕೋರಿಕೆಯನ್ನು ನಿರಾಕರಿಸಿದರೆ ಗೆಲ್ಲಬಹುದೇ ಎಂದು ಕೇಳಿದ್ದೀರಿ.

ಬಳಸಿದ ಕ್ಯಾಮೆರಾ ಸಾಮಾನುಗಳನ್ನು ಹಲವು ವರ್ಷಗಳಿಂದ ಕೊಳ್ಳುತ್ತಲೂ ಮಾರುತ್ತಲೂ ಬಂದವನಾಗಿ ನನ್ನ ಉತ್ತರ ಇದು: ನಿರಾಕರಿಸಬೇಡಿ. ವಾಪಸಾತಿಯನ್ನು ನೀವು ಮಾರಿದ ಆನ್‌ಲೈನ್ ವೇದಿಕೆಯ ಮೂಲಕವೇ, ಸಾಧ್ಯವಾದರೆ ಇವತ್ತೇ ಒಪ್ಪಿಕೊಳ್ಳಿ. ನಿಮ್ಮ ಎಚ್ಚರವನ್ನೆಲ್ಲ ಪೆಟ್ಟಿಗೆ ಮರಳಿ ಬಂದಾಗ ಅದರೊಳಗೆ ನಿಮ್ಮದೇ ಲೆನ್ಸ್ ಇದೆಯೇ ಎಂದು ನೋಡುವುದಕ್ಕೆ ಉಳಿಸಿಕೊಳ್ಳಿ. ಇದು ಸೋಲೊಪ್ಪಿಕೊಂಡಂತೆ ಕಾಣಬಹುದೆಂದು ಬಲ್ಲೆ, ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲಿಗೆ ‘ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲಿನ ಮಾತು. ಕೊಂಡವರಿಗೆ ಮನಸ್ಸು ಬದಲಾಯಿತು, ಬಣ್ಣ ಹಿಡಿಸಲಿಲ್ಲ, ಬೇರೆಡೆ ಅಗ್ಗಕ್ಕೆ ಸಿಕ್ಕಿತು ಎಂಬಂಥ ಕಾರಣಗಳಿಗೆ ಈ ಸಾಲು ಅಡ್ಡ ನಿಲ್ಲುತ್ತದೆ. ವಸ್ತುವೇ ವಿವರಣೆಗೆ ತಕ್ಕಂತಿಲ್ಲ ಎಂಬ ದೂರಿನ ಮುಂದೆ ಅದಕ್ಕೆ ಬೆಲೆಯಿಲ್ಲ. ಈಬೇ ವೇದಿಕೆಯ ಹಣ ವಾಪಸಾತಿ ಖಾತರಿಯಲ್ಲಿ ಇಂಥ ದೂರು ಸಲ್ಲಿಸಲು ವಸ್ತು ತಲುಪಿದಂದಿನಿಂದ 30 ದಿನಗಳ ಅವಕಾಶವಿದೆ, ಮಾರುವವರು ವಾಪಸಾತಿ ಇಲ್ಲವೆಂದು ಬರೆದಿದ್ದರೂ ಇದೆ. ಇಂಥವೇ ಮಾರುಕಟ್ಟೆಗಳಾದ ಪೋಶ್‌ಮಾರ್ಕ್ 3 ದಿನ ಕೊಡುತ್ತದೆ, ವಿಂಟೆಡ್ 2 ದಿನ. ಅವಧಿ ಚಿಕ್ಕದಿರಲಿ ದೊಡ್ಡದಿರಲಿ, ಆ ಅವಧಿಯೊಳಗೆ ಬಂದ ದೂರನ್ನು ‘ನಾನು ಮೊದಲೇ ಹೇಳಿದ್ದೆನಲ್ಲ’ ಎಂಬ ಮಾತಿನಿಂದ ತಳ್ಳಿಹಾಕಲು ಬರುವುದಿಲ್ಲ. ಯುರೋಪಿಯನ್ ಒಕ್ಕೂಟದ ಕಾನೂನಿನಲ್ಲಿ ಆನ್‌ಲೈನ್ ಖರೀದಿಯನ್ನು ಕಾರಣ ಕೊಡದೆ 14 ದಿನಗಳಲ್ಲಿ ರದ್ದುಮಾಡುವ ಹಕ್ಕಿದ್ದು, ಅದು ವ್ಯಾಪಾರಿಗಳಿಂದ ಕೊಂಡದ್ದಕ್ಕೆ ಮಾತ್ರ ಅನ್ವಯಿಸುತ್ತದೆ, ಖಾಸಗಿ ವ್ಯಕ್ತಿಗಳಿಂದ ಕೊಂಡದ್ದಕ್ಕಲ್ಲ. ಇದನ್ನು ಓದಿದ ಅನೇಕರು ‘ನಾನು ವ್ಯಾಪಾರಿಯಲ್ಲ, ಆದ್ದರಿಂದ ನನಗೆ ಯಾವ ಹೊಣೆಯೂ ಇಲ್ಲ’ ಎಂದುಕೊಳ್ಳುತ್ತಾರೆ. ಕಾರಣವಿಲ್ಲದೆ ಮರಳಿಸುವ ಹಕ್ಕೇ ಬೇರೆ, ಹೇಳಿದ್ದೊಂದು ಕಳುಹಿಸಿದ್ದೊಂದು ಎಂಬ ದೂರೇ ಬೇರೆ ಎಂಬುದನ್ನು ಅವರು ಮರೆಯುತ್ತಾರೆ.

ನಿಯಮಗಳು ಕೊಳ್ಳುವವರ ಕಡೆಗೇ ವಾಲಿರುವುದೇಕೆ ಎಂದು ನಿಮಗೆ ಸಿಟ್ಟು ಬರುವುದು ಸಹಜ, ನನಗೂ ಬಂದಿದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಮಾತನ್ನು ವಿವರಿಸಿದ್ದರು: ವಸ್ತುವಿನ ದೋಷ ಮಾರುವವನಿಗಷ್ಟೇ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಎಲ್ಲಕ್ಕೂ ಸರಾಸರಿ ಗುಣಮಟ್ಟದ ಬೆಲೆಯನ್ನಷ್ಟೇ ಕೊಡಲು ಮುಂದಾಗುತ್ತಾನೆ, ಆಗ ಒಳ್ಳೆಯ ವಸ್ತು ಇಟ್ಟುಕೊಂಡವರು ಮಾರುಕಟ್ಟೆಯನ್ನೇ ಬಿಟ್ಟು ಹೋಗುತ್ತಾರೆ. ಮುಟ್ಟಿ ನೋಡದೆ, ಮುಖ ನೋಡದೆ, ನಾಲ್ಕು ಫೋಟೊಗಳನ್ನು ನಂಬಿ ಅಪರಿಚಿತರಿಗೆ ಹಣ ಕಳುಹಿಸುವ ಕಡೆ ಈ ಭಯ ಇಮ್ಮಡಿಯಾಗುತ್ತದೆ. ಅದನ್ನು ತಗ್ಗಿಸುವುದಕ್ಕೆಂದೇ ವೇದಿಕೆಗಳು ಹಣವನ್ನು ತಡೆಹಿಡಿಯುತ್ತವೆ. ಮಾರುವವರು ಕೊಂಡವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವ ಅವಕಾಶವನ್ನೂ ಈಬೇ 2008ರಲ್ಲಿ ತೆಗೆದುಹಾಕಿತು. ನಮ್ಮ ಹಳೆಯ ಸಾಮಾನಿಗೆ ಒಳ್ಳೆಯ ಬೆಲೆ ಸಿಗುವುದೂ ಇದೇ ಏರ್ಪಾಡಿನಿಂದ ಎಂಬುದನ್ನು ಒಪ್ಪಿಕೊಂಡ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದ ಅರ್ಧ ಇನ್ನೂ ಇದೆ.

ಇನ್ನು ನಿಮ್ಮ ಲೆನ್ಸಿನ ವಿಷಯ. ‘ಕಳುಹಿಸಿದಾಗ ಫಂಗಸ್ ಇರಲಿಲ್ಲ’ ಎಂದು ಬರೆದಿದ್ದೀರಿ. ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ: ನೀವು ಹೇಗೆ ನೋಡಿದಿರಿ? ಕೋಣೆಯ ಸಾಮಾನ್ಯ ಬೆಳಕಿನಲ್ಲಿ ಲೆನ್ಸನ್ನು ಕೈಯಲ್ಲಿ ಹಿಡಿದು ಮುಂಭಾಗದಿಂದ ನೋಡಿದರೆ ಒಳಗಿನ ಬೂಷ್ಟು ಬಹುತೇಕ ಕಾಣುವುದೇ ಇಲ್ಲ. ಅಪರ್ಚರನ್ನು (ಬೆಳಕು ಹಾದುಹೋಗುವ ಕಿಂಡಿಯನ್ನು) ಪೂರ್ತಿ ತೆರೆದು, ಒಂದು ತುದಿಯಿಂದ ಟಾರ್ಚ್ ಬಿಟ್ಟು, ಇನ್ನೊಂದು ತುದಿಯಿಂದ ಸ್ವಲ್ಪ ಓರೆಯಾಗಿ ನೋಡಿದಾಗ ಮಾತ್ರ ಅದು ಜೇಡರಬಲೆಯ ಎಳೆಗಳಂತೆ ಕವಲೊಡೆದು ಕಾಣಿಸುತ್ತದೆ. ತೆಗೆದ ಚಿತ್ರಗಳಲ್ಲಿಯೂ ಸಣ್ಣ ಪ್ರಮಾಣದ ಫಂಗಸ್ ಪರಿಣಾಮ ತೋರುವುದಿಲ್ಲ, ಆದ್ದರಿಂದ ಅದೇ ಲೆನ್ಸಿನಿಂದ ಕೊನೆಯ ದಿನದವರೆಗೂ ಸ್ಫುಟವಾದ ಫೋಟೊ ತೆಗೆದವರಿಗೂ ಒಳಗೆ ಏನು ಬೆಳೆದಿದೆಯೆಂದು ತಿಳಿದಿರುವುದಿಲ್ಲ. ಅಂದರೆ ನೀವೂ ಸುಳ್ಳು ಹೇಳಿಲ್ಲ, ಕೊಂಡವರೂ ಸುಳ್ಳು ಹೇಳುತ್ತಿಲ್ಲ ಎಂಬ ಸಾಧ್ಯತೆ ಇಲ್ಲಿ ದೊಡ್ಡದಾಗಿಯೇ ಇದೆ. ಇದಕ್ಕೆ ವಿರುದ್ಧವಾದದ್ದೂ ಉಂಟು: ಟಾರ್ಚ್ ಬೆಳಕಿನಲ್ಲಿ ಯಾವ ಹಳೆಯ ಲೆನ್ಸಾದರೂ ಭಯಂಕರವಾಗಿ ಕಾಣುತ್ತದೆ, ಮತ್ತು ಅನುಭವವಿಲ್ಲದವರು ನಿರುಪದ್ರವಿ ಧೂಳಿನ ಚುಕ್ಕೆಗಳನ್ನೇ ಫಂಗಸ್ ಎಂದು ಕರೆದುಬಿಡುತ್ತಾರೆ. ಅವರು ಕಳುಹಿಸಿದ ಫೋಟೊವನ್ನು ದೊಡ್ಡದಾಗಿಸಿ ನೋಡಿ. ಬಿಡಿಬಿಡಿ ಚುಕ್ಕೆಗಳಾದರೆ ಧೂಳು, ಇಡೀ ಗಾಜು ಸಮನಾಗಿ ಮಬ್ಬಾಗಿದ್ದರೆ ಅದು ಬೇರೆ ತೊಂದರೆ, ಎಳೆಗಳು ಕವಲೊಡೆದಿದ್ದರೆ ಫಂಗಸ್. ಎಳೆಗಳೇ ಇದ್ದರೆ ವಾದವನ್ನು ಅಲ್ಲಿಗೇ ಬಿಡಿ, ಏಕೆಂದರೆ ಅದು ಗಾಜಿನ ಮೇಲಿನ ಕೋಟಿಂಗನ್ನೇ ತಿನ್ನಬಲ್ಲದು, ಮತ್ತು ಲೆನ್ಸ್ ಕೊಳ್ಳುವ ಯಾರೂ ಫಂಗಸ್ ಇರುವುದನ್ನು ‘ಉತ್ತಮ ಸ್ಥಿತಿ’ ಎಂದು ಕರೆಯುವುದಿಲ್ಲ. ಧೂಳೇ ಆಗಿದ್ದರೂ ನಿಮ್ಮ ಜಾಹೀರಾತಿನಲ್ಲಿ ಒಳಗಿನ ಗಾಜಿನ ಬಗ್ಗೆ ಒಂದು ಸಾಲೂ, ಟಾರ್ಚ್ ಹಿಡಿದು ತೆಗೆದ ಒಂದು ಫೋಟೊವೂ ಇಲ್ಲದಿರುವುದರಿಂದ, ತೀರ್ಪು ಕೊಡುವ ಸಿಬ್ಬಂದಿಯ ಮುಂದೆ ಇರುವುದು ಅವರ ಫೋಟೊ ಮತ್ತು ನಿಮ್ಮ ‘ಉತ್ತಮ’ ಎಂಬ ಒಂದು ಪದ ಮಾತ್ರ.

ನಿರಾಕರಿಸಿದರೆ ಏನಾಗುತ್ತದೆ ಎಂಬುದನ್ನು ನನ್ನದೇ ಪಾಠದಿಂದ ಹೇಳುತ್ತೇನೆ. ಹಿಂದೊಮ್ಮೆ ಒಂದು ಹಳೆಯ ಫಿಲ್ಮ್ ಕ್ಯಾಮೆರಾವನ್ನು ‘ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತದೆ’ ಎಂದು ಬರೆದು ಮಾರಿದ್ದೆ. ವಾರದ ನಂತರ ಕೊಂಡವರು, ಶಟರನ್ನು (ಫಿಲ್ಮಿನ ಮೇಲೆ ಬೆಳಕು ಬೀಳಲು ತೆರೆದು ಮುಚ್ಚುವ ಪರದೆಯನ್ನು) ಒಂದು ಸೆಕೆಂಡಿಗೆ ಇಟ್ಟರೆ ಅದು ತೆರೆದೇ ನಿಲ್ಲುತ್ತದೆ ಎಂದು ಬರೆದರು. ನಾನು ಕೆರಳಿ, ನೀವೇ ಕೆಡಿಸಿರಬೇಕು ಎಂಬ ಧಾಟಿಯಲ್ಲಿ ಉದ್ದುದ್ದ ಉತ್ತರ ಬರೆದೆ. ಅವರು ಮತ್ತೆ ಬರೆದರು, ನಾನು ಮತ್ತೆ ಬರೆದೆ. ಈ ಪತ್ರ ಸಮರದ ನಡುವೆ ವಾಪಸಾತಿಯ ಅಂಚೆ ಲೇಬಲ್ ಕಳುಹಿಸಬೇಕಾಗಿದ್ದ ಗಡುವು ಮುಗಿದುಹೋಯಿತು. ಆ ವೇದಿಕೆಯವರು ಪೂರ್ಣ ಹಣವನ್ನು ಕೊಂಡವರಿಗೆ ಮರಳಿಸಿದರು, ಕ್ಯಾಮೆರಾ ಕೂಡ ಅವರಲ್ಲಿಯೇ ಉಳಿಯಿತು. ಆಮೇಲೆ ತಣ್ಣಗೆ ಕುಳಿತು ಯೋಚಿಸಿದಾಗ ನೆನಪಾದದ್ದು, ಮಾರುವ ಮುನ್ನ ನಾನು ಶಟರನ್ನು 1/125 ಸೆಕೆಂಡಿನಲ್ಲಿ ಮಾತ್ರ ಒತ್ತಿ ನೋಡಿದ್ದೆ ಎಂಬುದು. ಆ ಕಾಲದ ಯಾಂತ್ರಿಕ ಶಟರುಗಳಲ್ಲಿ ನಿಧಾನಗತಿಯನ್ನು ನಿಯಂತ್ರಿಸುವ ಹಲ್ಲುಚಕ್ರಗಳ ಎಣ್ಣೆ ಒಣಗಿದರೆ ವೇಗದ ಗತಿಗಳೆಲ್ಲ ಸರಿಯಾಗಿದ್ದು ನಿಧಾನದವು ಮಾತ್ರ ಸಿಕ್ಕಿಹಾಕಿಕೊಳ್ಳುತ್ತವೆ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಒಪ್ಪಿಕೊಂಡಿದ್ದರೆ ಅಂಚೆ ವೆಚ್ಚವಷ್ಟೇ ನಷ್ಟವಾಗುತ್ತಿತ್ತು, ಕ್ಯಾಮೆರಾ ಕೈಗೆ ಬರುತ್ತಿತ್ತು.

ಆದ್ದರಿಂದ ಗಡುವನ್ನು ಮೊದಲು ನೋಡಿ. ಈಬೇಯಲ್ಲಿ ದೂರು ಬಂದ ಮೇಲೆ ಮಾರುವವರಿಗೆ 3 ಕೆಲಸದ ದಿನಗಳ ಅವಕಾಶವಿದ್ದು, ಅಷ್ಟರಲ್ಲಿ ಬಗೆಹರಿಯದಿದ್ದರೆ ಕೊಂಡವರು ವೇದಿಕೆಯ ಮಧ್ಯಪ್ರವೇಶವನ್ನು ಕೇಳಬಹುದು. ಬೇರೆ ಕಡೆಗಳಲ್ಲಿ ಲೆಕ್ಕ ಬೇರೆ ಇರುತ್ತದೆ, ಆದರೆ ಉತ್ತರ ಕೊಡದೆ ಸುಮ್ಮನಿದ್ದರೆ ಅದು ಸಾಮಾನ್ಯವಾಗಿ ನಿಮಗೇ ಪ್ರತಿಕೂಲವಾಗುತ್ತದೆ. ವಿವರಣೆಗೆ ತಕ್ಕಂತಿಲ್ಲ ಎಂಬ ಕಾರಣದ ಮೇಲೆ ಮರಳುವ ಪಾರ್ಸೆಲ್ಲಿನ ವೆಚ್ಚ ಸಾಮಾನ್ಯವಾಗಿ ನಿಮ್ಮ ಮೇಲೆಯೇ ಬೀಳುತ್ತದೆ. ಸುಮ್ಮನೆ ಮನಸ್ಸು ಬದಲಾದ ಕೆಲವರೂ ಇದೇ ಕಾರಣವನ್ನು ಆರಿಸಿಕೊಳ್ಳುವುದಕ್ಕೆ ಇದೊಂದು ಆಮಿಷವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಪೆಟ್ಟಿಗೆ ಮರಳಿ ಬಂದಾಗ ನಿಮ್ಮ ಕೆಲಸ ನಿಜವಾಗಿ ಶುರುವಾಗುತ್ತದೆ. ತೆರೆಯುವ ಮುನ್ನ ಅದನ್ನು ತೂಕ ಮಾಡಿ, ಲೇಬಲ್ ಮತ್ತು ತೂಕದ ಅಂಕಿ ಕಾಣುವಂತೆ ವಿಡಿಯೊ ಶುರುಮಾಡಿ, ಅದನ್ನು ನಡುವೆ ನಿಲ್ಲಿಸದೆ ಲೆನ್ಸಿನ ಸೀರಿಯಲ್ ನಂಬರಿನವರೆಗೂ ಒಂದೇ ಓಟದಲ್ಲಿ ಚಿತ್ರಿಸಿ. ನೀವು ಜಾಹೀರಾತಿಗೆ ತೆಗೆದ ಮೂಲ ಫೋಟೊಗಳಲ್ಲಿ ಆ ನಂಬರ್ ಎಲ್ಲಾದರೂ ಕಾಣುತ್ತದೆಯೇ ಎಂದು ಈಗಲೇ ಹುಡುಕಿ ತೆಗೆದಿಡಿ, ಕೊಂಡ ಕಾಲದ ರಸೀದಿಯಲ್ಲಿದ್ದರೂ ಸಾಕು. ತಮ್ಮ ಕೆಟ್ಟ ಲೆನ್ಸನ್ನು ಪೆಟ್ಟಿಗೆಯಲ್ಲಿಟ್ಟು ನಿಮ್ಮ ಒಳ್ಳೆಯದನ್ನು ಇಟ್ಟುಕೊಳ್ಳುವ ಮೋಸ ಅಪರೂಪವಾದರೂ ಇದೆ, ಮತ್ತು ಅದನ್ನು ಹಿಡಿಯಲು ನಂಬರಿಗಿಂತ ಗಟ್ಟಿಯಾದ ಸಾಧನ ಇಲ್ಲ. ಇದೇ ಮಾತು ಫೋನುಗಳಿಗೆ ಬಂದರೆ ಪ್ರತಿ ಫೋನನ್ನೂ ಗುರುತಿಸುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಹೋಲಿಸಬೇಕು, ಜೊತೆಗೆ ಕೊಂಡವರು ತಮ್ಮ ಖಾತೆಯನ್ನು ಫೋನಿನಿಂದ ತೆಗೆದಿದ್ದಾರೆಯೇ ಎಂದೂ ನೋಡಬೇಕು, ಇಲ್ಲವಾದರೆ ಮರಳಿ ಬಂದದ್ದು ಬೀಗ ಬಿದ್ದ ಗಾಜಿನ ಹಲಗೆ. ನಂಬರ್ ಹೊಂದದಿದ್ದರೆ ಅಥವಾ ಲೆನ್ಸಿಗೆ ಹೊಸದಾಗಿ ಪೆಟ್ಟು ಬಿದ್ದಿದ್ದರೆ ಹಣ ಮರಳಿಸುವ ಗುಂಡಿಯನ್ನು ಒತ್ತಬೇಡಿ. ಎರಡೂ ನಂಬರುಗಳ ಫೋಟೊ ಹಾಗೂ ಸಾಗಣೆ ಸಂಸ್ಥೆ ದಾಖಲಿಸಿದ ಎರಡೂ ಬಾರಿಯ ತೂಕವನ್ನು ಲಗತ್ತಿಸಿ, ದೂರಿನ ಪುಟದಲ್ಲಿಯೇ ವರದಿ ಮಾಡಿ. ವಿಡಿಯೊ ಇದ್ದರೆ ಗೆದ್ದಂತೆಯೇ ಎಂದು ಎಲ್ಲರೂ ಹೇಳುವುದನ್ನು ಪೂರ್ತಿ ನಂಬಬೇಡಿ. ಬೇರೆಯವರು ಇಟ್ಟ ದಾಖಲೆಯಾದ ತೂಕಕ್ಕೂ ಟ್ರ್ಯಾಕಿಂಗಿಗೂ ನಾವೇ ತೆಗೆದ ವಿಡಿಯೊಗಿಂತ ಹೆಚ್ಚು ಮನ್ನಣೆ ಸಿಕ್ಕಿದ್ದನ್ನು ಕಂಡಿದ್ದೇನೆ.

ನಡುವೆ ಅವರು ‘ಲೆನ್ಸ್ ನನ್ನ ಹತ್ತಿರವೇ ಇರಲಿ, ಸ್ವಲ್ಪ ಹಣ ಮರಳಿಸಿ’ ಎಂದು ಕೇಳಬಹುದು. ಸ್ವಚ್ಛಗೊಳಿಸುವ ನಿಜವಾದ ಖರ್ಚಿನಷ್ಟಿದ್ದರೆ ಅದು ಇಬ್ಬರಿಗೂ ಒಳ್ಳೆಯದೇ, ಆದರೆ ವೇದಿಕೆಯ ಮೂಲಕ ಕೊಡಿ, ಬೇರೆ ದಾರಿಯಲ್ಲಿ ಎಂದಿಗೂ ಬೇಡ. ಹೊರಗಡೆ ಕಳುಹಿಸಿದ ಹಣಕ್ಕೆ ಲೆಕ್ಕವಿಲ್ಲ, ಆಮೇಲೆ ಪೂರ್ಣ ಮೊತ್ತದ ದೂರು ಹಾಗೆಯೇ ನಿಂತಿರುತ್ತದೆ. ಕೆಟ್ಟ ಅಭಿಪ್ರಾಯ ಬರೆಯುತ್ತೇನೆಂದು ಹೆದರಿಸಿ ಕೇಳಿದರೆ ಅದು ಈಬೇಯಂಥ ಕಡೆ ನಿಯಮದ ಉಲ್ಲಂಘನೆ, ಆ ಸಂದೇಶವನ್ನು ಅಳಿಸದೆ ವರದಿ ಮಾಡಿ. ಇನ್ನೊಂದು ಅಪಾಯವೆಂದರೆ ಅವರು ತಮ್ಮ ಕಾರ್ಡಿನ ಬ್ಯಾಂಕಿನಲ್ಲಿಯೂ ತಕರಾರು ಹೂಡುವುದು. ಬ್ಯಾಂಕಿನ ತಕರಾರು ಎದ್ದ ಕ್ಷಣದಿಂದ ವೇದಿಕೆಯಲ್ಲಿ ನೀವಾಗಿಯೇ ಹಣ ಮರಳಿಸಲು ಹೋಗಬೇಡಿ, ಒಂದೇ ಲೆನ್ಸಿಗೆ ಎರಡು ಬಾರಿ ತೆತ್ತವರನ್ನು ನಾನು ಬಲ್ಲೆ.

ಮುಂದಿನ ಜಾಹೀರಾತಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ‘ಉತ್ತಮ’, ‘ಹೊಸದರಂತಿದೆ’ ಎಂಬ ಪದಗಳನ್ನು ನಾನು ಈಗ ಬರೆಯುವುದನ್ನೇ ಬಿಟ್ಟಿದ್ದೇನೆ. ಯಾವುದನ್ನು ಹೇಗೆ ಪರೀಕ್ಷಿಸಿದೆ, ಯಾವುದನ್ನು ಪರೀಕ್ಷಿಸಿಲ್ಲ, ಟಾರ್ಚ್ ಬೆಳಕಿನಲ್ಲಿ ಏನು ಕಂಡಿತು ಎಂದು ಬರೆದು, ಅತ್ಯಂತ ಕೆಟ್ಟದಾಗಿ ಕಾಣುವ ಫೋಟೊವನ್ನೇ ಎರಡನೆಯದಾಗಿ ಇಡುತ್ತೇನೆ. ಮಾರಾಟ ಸ್ವಲ್ಪ ತಡವಾಗುತ್ತದೆ, ಬೆಲೆಯೂ ಒಂದಿಷ್ಟು ಇಳಿಯುತ್ತದೆ.

ಸದ್ಯಕ್ಕೆ ಕೊಂಡವರಿಗೆ ಬರೆಯಬೇಕಾದದ್ದು ಇಷ್ಟೇ ಸಾಕು, ದೂರಿನ ಪುಟದೊಳಗೇ ಬರೆಯಿರಿ: ‘ನಿಮಗಾದ ತೊಂದರೆಗೆ ವಿಷಾದಿಸುತ್ತೇನೆ. ಕಳುಹಿಸುವ ಮುನ್ನ ನನ್ನ ಕಣ್ಣಿಗೆ ಇದು ಕಂಡಿರಲಿಲ್ಲ. ವಾಪಸಾತಿಯನ್ನು ಒಪ್ಪಿದ್ದೇನೆ, ಲೇಬಲ್ ಇಲ್ಲಿಯೇ ದೊರೆಯುತ್ತದೆ. ಮುಂದಿನ ಹಾಗೂ ಹಿಂದಿನ ಮುಚ್ಚಳಗಳೊಂದಿಗೆ, ಬಂದ ರೀತಿಯಲ್ಲಿಯೇ ಪ್ಯಾಕ್ ಮಾಡಿ ಕಳುಹಿಸಿ. ಸೀರಿಯಲ್ ನಂಬರ್ ತಾಳೆ ನೋಡಿದ ಕೂಡಲೇ ಹಣವನ್ನು ಮರಳಿಸುತ್ತೇನೆ.’ ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ.