ಚಂದಾ ಕಟ್ಟಿದರೂ ಮತ್ತೆ ಮತ್ತೆ ಲಾಗಿನ್ ಕೇಳುತ್ತಿದ್ದರೆ

ಫೇಸ್‌ಬುಕ್‌ನಿಂದ ಪತ್ರಿಕೆಯ ಲೇಖನ ತೆರೆದರೆ 'ಚಂದಾದಾರರಾಗಿ' ಅಂತ ಬರುತ್ತೆ, ಕ್ರೋಮ್‌ನಲ್ಲಿ ಸರಿಯಾಗಿ ತೆರೆಯುತ್ತೆ ಅಂದಿದ್ದೀರಿ. ಹಾಗಾದರೆ ನಿಮ್ಮ ಚಂದಾ ಚಾಲ್ತಿಯಲ್ಲೇ ಇದೆ, ದಯವಿಟ್ಟು ಮತ್ತೆ ದುಡ್ಡು ಕಟ್ಟಬೇಡಿ.

ಫೇಸ್‌ಬುಕ್ ಲಿಂಕನ್ನು ತನ್ನೊಳಗಿನ ಬ್ರೌಸರ್‌ನಲ್ಲೇ ತೆರೆಯುತ್ತದೆ. ಲಾಗಿನ್ ನೆನಪಿಡುವ ಕುಕೀ (ತಾಣ ಬ್ರೌಸರ್‌ನಲ್ಲಿ ಉಳಿಸುವ ಪುಟ್ಟ ಗುರುತು) ಇರುವುದು ಕ್ರೋಮ್‌ನಲ್ಲಿ. ಅದು ಫೇಸ್‌ಬುಕ್‌ನ ಒಳಬ್ರೌಸರ್‌ಗೆ ಸಿಗುವುದಿಲ್ಲ. ಅಲ್ಲಿ 'ಗೂಗಲ್ ಮೂಲಕ ಲಾಗಿನ್' ಒತ್ತಿದರೂ 403 ದೋಷ ಬರುತ್ತದೆ, ಯಾಕೆಂದರೆ ಇಂಥ ಒಳಬ್ರೌಸರ್‌ಗಳಲ್ಲಿ ಲಾಗಿನ್ ಆಗುವುದನ್ನು ಗೂಗಲ್ಲೇ ಸುರಕ್ಷತೆಗಾಗಿ ತಡೆದಿದೆ. ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ. ಮೇಲಿನ ಮೂರು ಚುಕ್ಕಿ ಒತ್ತಿ, ಹೊರಗಿನ ಬ್ರೌಸರ್‌ನಲ್ಲಿ ತೆರೆಯುವ ಆಯ್ಕೆ ಹಿಡಿಯಿರಿ. ಇನ್‌ಸ್ಟಾಗ್ರಾಮ್‌ನಲ್ಲೂ ಇದೇ ದಾರಿ.

ಮುಂದೆ ಕ್ರೋಮ್‌ನಲ್ಲೂ ಲಾಗಿನ್ ಕೇಳತೊಡಗಿದರೆ ಮೊದಲು ಯಾವ ಇಮೇಲ್ ವಿಳಾಸ ಕೊಡುತ್ತಿದ್ದೀರಿ ನೋಡಿ. ಹಣ ಕಟ್ಟಿದ ರಸೀದಿ ಯಾವ ವಿಳಾಸಕ್ಕೆ ಬಂದಿದೆಯೋ ಸಾಮಾನ್ಯವಾಗಿ ಖಾತೆ ಅದರಲ್ಲೇ ಇರುತ್ತದೆ. ಪಾಸ್‌ವರ್ಡ್ ಮರುಹೊಂದಿಕೆ ಕೋರಿದರೂ ಸ್ಪ್ಯಾಮ್‌ನಲ್ಲೂ ಮೇಲ್ ಇಲ್ಲವೆಂದರೆ, ಬಹುಶಃ ಆ ವಿಳಾಸದಲ್ಲಿ ಖಾತೆಯೇ ಇಲ್ಲ. ಎಷ್ಟೋ ತಾಣಗಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಐಫೋನ್‌ನವರು ಆಪಲ್ ಮೂಲಕ ಸೇರುವಾಗ ಇಮೇಲ್ ಮರೆಮಾಡಿದ್ದರಂತೂ ಖಾತೆ ಬೇರೆಯೇ ವಿಳಾಸದಲ್ಲಿರುತ್ತದೆ, ಆಗ ಆಪಲ್ ಬಟನ್ ಮೂಲಕವೇ ಒಳಹೋಗಬೇಕು.