ವಿನ್‌ಸ್ಟನ್‌ನನ್ನು ನಾಯಕನೆಂದು ಬರೆದು ನಾನು ಆರು ತಿಂಗಳು ಕಳೆದುಕೊಂಡೆ

ಒಂದೇ ಪಕ್ಷ ಜನರ ಯೋಚನೆಯನ್ನೂ ಆಳುವ ನಾಡಿನ ಕಥೆಯಾದ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯಲ್ಲಿ ವಿನ್‌ಸ್ಟನ್‌ನನ್ನು ನಾಯಕ, ಪಕ್ಷದ ದೊಡ್ಡ ಅಧಿಕಾರಿ ಒಬ್ರಿಯನ್‌ನನ್ನು ಖಳನಾಯಕ, ವಿನ್‌ಸ್ಟನ್‌ನ ಪ್ರೇಯಸಿ ಜೂಲಿಯಾಳನ್ನು ದುರ್ಬಲ ಪಾತ್ರ ಎಂದು ವಿಂಗಡಿಸಿ, ಒಂದೊಂದಕ್ಕೂ ಒಂದು ನೈತಿಕ ಮೌಲ್ಯವನ್ನು ಹೊಂದಿಸಿ ಅಸೈನ್‌ಮೆಂಟ್ ಬರೆದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ತುಮಕೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ ನಾನು ಇದೇ ಪಟ್ಟಿಯನ್ನು ಅರವತ್ತು ಪುಟಗಳಿಗೆ ಹಿಗ್ಗಿಸಿ, ಬೈಂಡ್ ಮಾಡಿಸಿ, ಕಿರುಪ್ರಬಂಧವೆಂದು ಒಪ್ಪಿಸಿದ್ದೆ.

ದಿನವೂ ಗುಬ್ಬಿಯಿಂದ ರೈಲಿನಲ್ಲಿ ಓಡಾಡುತ್ತಿದ್ದ ನಾನು ಕಾದಂಬರಿಯ ಮೊದಲ ಭಾಗವನ್ನು ಆ ಓಡಾಟದಲ್ಲಿಯೇ ಪ್ರಾಮಾಣಿಕವಾಗಿ ಓದಿದ್ದೆ. ಮೂವತ್ತೊಂಬತ್ತು ವರ್ಷದ ವಿನ್‌ಸ್ಟನ್ ಜನರ ಮೇಲೆ ಸದಾ ಕಣ್ಣಿಡುವ ಪರದೆಯಾದ ಟೆಲಿಸ್ಕ್ರೀನಿನ ಕಣ್ಣಿಗೆ ಬೀಳದ ಮೂಲೆಯಲ್ಲಿ ಕುಳಿತು ದಿನಚರಿಯಲ್ಲಿ ‘ಏಪ್ರಿಲ್ 4, 1984’ ಎಂದು ಬರೆಯುವ ಪುಟಗಳನ್ನು ಓದಿದಾಗಲೇ ಇವನು ನಮ್ಮವನು ಎಂದು ತೀರ್ಮಾನಿಸಿಬಿಟ್ಟೆ. ಎರಡನೆಯ ಭಾಗಕ್ಕೆ ಬರುವ ಹೊತ್ತಿಗೆ ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾಗಿತ್ತು. ಉಳಿದದ್ದನ್ನು ಗೈಡ್ ನೋಡಿ ಮುಗಿಸಿದೆ. ಆ ಭಾಗದ ಎಂಟನೆಯ ಅಧ್ಯಾಯಕ್ಕೆ ಗೈಡ್ ಕೊಟ್ಟದ್ದು ಒಂದೇ ಸಾಲು: ವಿನ್‌ಸ್ಟನ್ ಮತ್ತು ಜೂಲಿಯಾ ಒಬ್ರಿಯನ್‌ನ ಮನೆಗೆ ಹೋಗಿ ಪಕ್ಷದ ವಿರುದ್ಧದ ರಹಸ್ಯ ಸಂಘಟನೆಯನ್ನು ಸೇರುತ್ತಾರೆ. ಆ ಒಂದು ಸಾಲಿನ ಆಧಾರದ ಮೇಲೆ ನಾನು ‘ಹಿಂಸೆಯ ಎದುರು ಅಂತಃಸಾಕ್ಷಿ’ ಎಂಬ ಹದಿನಾಲ್ಕು ಪುಟಗಳ ಅಧ್ಯಾಯವನ್ನೇ ಕಟ್ಟಿದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕಿ ಆ ಅಧ್ಯಾಯವನ್ನು ತೆರೆದಿಟ್ಟುಕೊಂಡು, “ಒಬ್ರಿಯನ್ ಕೇಳಿಕೊಂಡರೆ ವಿನ್‌ಸ್ಟನ್ ಒಂದು ಮಗುವಿನ ಮುಖಕ್ಕೆ ಆಸಿಡ್ ಎರಚುತ್ತಾನೆಯೇ?” ಎಂದರು. ಅದು ನನ್ನ ಯೋಚನಾಶಕ್ತಿಯನ್ನು ಪರೀಕ್ಷಿಸಲು ಹೆಣೆದ ಕಾಲ್ಪನಿಕ ಪ್ರಶ್ನೆ ಎಂದುಕೊಂಡ ನಾನು, “ಖಂಡಿತ ಇಲ್ಲ ಮೇಡಂ, ಅವನಲ್ಲಿ ಮನುಷ್ಯತ್ವ ಉಳಿದಿರುವುದರಿಂದಲೇ ಅವನು ನಾಯಕ” ಎಂದು ಉತ್ಸಾಹದಿಂದ ಉತ್ತರಿಸಿದೆ. ಅವರು ಪುಸ್ತಕವನ್ನು ತೆರೆದು ನನ್ನ ಕಡೆಗೆ ಸರಿಸಿ, ಗಟ್ಟಿಯಾಗಿ ಓದಿ ಎಂದರು. ಓದಿದೆ. ಒಬ್ರಿಯನ್ ಕೇಳುವುದು ಅದೇ ಪ್ರಶ್ನೆ. ವಿನ್‌ಸ್ಟನ್‌ನ ಉತ್ತರ ‘ಹೌದು’. ಕೊಲೆಗೂ ಹೌದು, ನೂರಾರು ಅಮಾಯಕರ ಸಾವಿಗೆ ಕಾರಣವಾಗಬಲ್ಲ ವಿಧ್ವಂಸಕ್ಕೂ ಹೌದು.

ನನ್ನ ತಪ್ಪು ಯಾವುದೆಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವು ಅದನ್ನು ಸೋಮಾರಿತನ ಎಂದಷ್ಟೇ ತಿಳಿದು ಮುಂದೆ ಹೋಗಿಬಿಡಬಹುದು. ಒಂದು ಅಧ್ಯಾಯವನ್ನು ಓದದೆ ಬಿಟ್ಟದ್ದು ಸಣ್ಣ ತಪ್ಪು. ದೊಡ್ಡ ತಪ್ಪು, ಅದನ್ನು ಓದುವ ಅಗತ್ಯವೇ ನನಗೆ ಕಾಣದಿದ್ದದ್ದು. ‘ನಾಯಕ’ ಎಂಬ ಚೀಟಿಯನ್ನು ಒಮ್ಮೆ ಅಂಟಿಸಿದ ಮೇಲೆ ಅವನು ಮುಂದೆ ಏನು ಮಾಡುತ್ತಾನೆ, ಏನು ಹೇಳುತ್ತಾನೆ ಎಂಬುದೆಲ್ಲ ನನಗೆ ಮೊದಲೇ ಗೊತ್ತಿದ್ದಂತೆ ಆಗಿತ್ತು. ಅಷ್ಟೇ ಅಲ್ಲ, ನಾನು ಸ್ವತಃ ಓದಿದ್ದ ಮೊದಲ ಭಾಗದಲ್ಲಿಯೂ ಆ ಚೀಟಿಗೆ ಒಗ್ಗದ ಸಂಗತಿಗಳು ಕಣ್ಣಿಗೆ ಬಿದ್ದಿರಲಿಲ್ಲ. ಸತ್ಯ ಸಚಿವಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ತಿದ್ದುವ ಸುಳ್ಳಿನ ಕೆಲಸವೇ ವಿನ್‌ಸ್ಟನ್‌ನ ಬದುಕಿನ ಅತಿ ದೊಡ್ಡ ಸಂತೋಷ ಎಂದು ಆರ್ವೆಲ್ ನೇರವಾಗಿ ಬರೆದಿದ್ದಾನೆ. ಆ ವಾಕ್ಯದ ಕೆಳಗೆ ನಾನು ಪೆನ್ಸಿಲ್ ಗೆರೆಯನ್ನೂ ಎಳೆದಿದ್ದೆ. ಗೆರೆ ಎಳೆದವನಿಗೆ ಅರ್ಥ ಮಾತ್ರ ಹೊಳೆದಿರಲಿಲ್ಲ.

ಕಿರುಪ್ರಬಂಧ ವಾಪಸು ಬಂತು. ಮತ್ತೆ ಬರೆದು ಒಪ್ಪಿಸಲು ಆರು ತಿಂಗಳು ಹಿಡಿಯಿತು. ಆ ವರ್ಷ ಊರಿನ ಹತ್ತಿರದ ಕಾಲೇಜೊಂದರಲ್ಲಿ ತೆರವಾಗಿದ್ದ ಅತಿಥಿ ಉಪನ್ಯಾಸಕ ಹುದ್ದೆಗೆ ಎಂ.ಎ. ಮುಗಿಸಿದ ಅಂಕಪಟ್ಟಿ ಬೇಕಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. (ಲೇಖಕ 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ, ಕಾದಂಬರಿ 1949ರಲ್ಲಿ ಪ್ರಕಟವಾಯಿತು ಎಂದು ಮೊದಲ ಎರಡು ಪುಟಗಳನ್ನು ತುಂಬಿಸಿದ್ದೆ. ಅವುಗಳ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.)

ಎರಡನೆಯ ಸಲ ಬರೆಯುವಾಗ ಮೌಲ್ಯಗಳ ಪಟ್ಟಿಯನ್ನು ಕೈಬಿಟ್ಟು, ಚಾಕೊಲೇಟ್ ಎಂಬ ಒಂದೇ ವಸ್ತುವಿನ ಹಿಂದೆ ಹೋದೆ. ಚಾಕೊಲೇಟ್ ಪಡಿತರವನ್ನು ಇಳಿಸುವುದಿಲ್ಲ ಎಂದು ಸರ್ಕಾರ ಕೊಟ್ಟಿದ್ದ ಮಾತನ್ನು ಹಳೆಯ ಪತ್ರಿಕೆಯಿಂದ ಅಳಿಸಿ, ಇಳಿಸಬೇಕಾಗಬಹುದು ಎಂಬ ಎಚ್ಚರಿಕೆಯನ್ನು ಅದರ ಜಾಗದಲ್ಲಿ ಕೂರಿಸುವವನು ವಿನ್‌ಸ್ಟನ್ನೇ. ಪಡಿತರ ಮೂವತ್ತು ಗ್ರಾಂನಿಂದ ಇಪ್ಪತ್ತಕ್ಕೆ ಇಳಿಯುತ್ತದೆ ಎಂದು ಪ್ರಕಟಿಸಿದ ಮರುದಿನವೇ, ಅದನ್ನು ಇಪ್ಪತ್ತಕ್ಕೆ ಏರಿಸಿದ್ದಕ್ಕಾಗಿ ಜನರು ಪಕ್ಷದ ಪರಮನಾಯಕ ದೊಡ್ಡಣ್ಣನಿಗೆ ಕೃತಜ್ಞತೆ ಹೇಳಿ ಮೆರವಣಿಗೆ ಮಾಡಿದರೆಂಬ ಸುದ್ದಿ ಬರುತ್ತದೆ. ಇದನ್ನು ಜನ ಹೇಗೆ ನುಂಗಿಕೊಂಡರು ಎಂದು ಬೆರಗಾಗುವವನೂ ಅವನೇ. ಇನ್ನೂ ಮುಂದೆ, ಎರಡನೆಯ ಭಾಗದ ಏಳನೆಯ ಅಧ್ಯಾಯದಲ್ಲಿ, ಅವನಿಗೆ ಬಾಲ್ಯ ನೆನಪಾಗುತ್ತದೆ: ಹಸಿದಿದ್ದ ಹುಡುಗ ತನ್ನ ದೊಡ್ಡ ಪಾಲು ಸಾಲದೆಂದು ಸಾಯುವಂತಿದ್ದ ಪುಟ್ಟ ತಂಗಿಯ ಕೈಯಿಂದ ಚಾಕೊಲೇಟ್ ಕಿತ್ತುಕೊಂಡು ಓಡುತ್ತಾನೆ, ತಾಯಿ ಆ ಮಗುವನ್ನು ತೋಳಿನಲ್ಲಿ ಬಳಸಿ ಎದೆಗೆ ಅವಚಿಕೊಳ್ಳುತ್ತಾಳೆ, ಅವನು ಮನೆಗೆ ಮರಳುವ ಹೊತ್ತಿಗೆ ಇಬ್ಬರೂ ಇರುವುದಿಲ್ಲ. ತಾಯಿಯ ಆ ಅಪ್ಪುಗೆಯಿಂದ ಚಾಕೊಲೇಟ್ ಮರಳಿ ಬರಲಿಲ್ಲ, ಮಗುವೂ ಉಳಿಯಲಿಲ್ಲ. ಆದರೂ ಅದಕ್ಕೆ ಬೆಲೆಯಿತ್ತು ಎಂದು ವಿನ್‌ಸ್ಟನ್‌ಗೆ ಆಗ ಅರಿವಾಗುತ್ತದೆ. ಅದರ ಮುಂದಿನ ಅಧ್ಯಾಯದಲ್ಲಿಯೇ ಅವನು ಯಾವುದೋ ಮಗುವಿನ ಮುಖಕ್ಕೆ ಆಸಿಡ್ ಎರಚಲು ಒಪ್ಪುತ್ತಾನೆ. ಈ ಎರಡು ಅಧ್ಯಾಯಗಳು ಅಕ್ಕಪಕ್ಕದಲ್ಲಿ ಇರುವುದು ಆಕಸ್ಮಿಕ ಎಂದು ನಾನಂತೂ ನಂಬುವುದಿಲ್ಲ.

ಜೂಲಿಯಾ ದುರ್ಬಲಳೆಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಒಬ್ರಿಯನ್ ಅವಳನ್ನು ಇಲ್ಲವೆಂಬಂತೆ ಕಂಡು, ಅವಳ ಪರವಾಗಿಯೂ ವಿನ್‌ಸ್ಟನ್ನೇ ಉತ್ತರಿಸುತ್ತಾನೆಂದು ಭಾವಿಸಿ ಪ್ರಶ್ನೆಗಳನ್ನು ಕೇಳುತ್ತಾ ಹೋಗುತ್ತಾನೆ. ನೀವಿಬ್ಬರೂ ಬೇರೆಯಾಗಿ, ಇನ್ನೆಂದೂ ಒಬ್ಬರನ್ನೊಬ್ಬರು ನೋಡದಿರಲು ಸಿದ್ಧರೇ ಎಂದಾಗ ಮಾತ್ರ ಅವಳು ನಡುವೆ ಬಾಯಿ ಹಾಕಿ ‘ಇಲ್ಲ’ ಎನ್ನುತ್ತಾಳೆ. ವಿನ್‌ಸ್ಟನ್‌ಗೆ ಅದೇ ಮಾತನ್ನು ಹೇಳಲು ಬಹಳ ಹೊತ್ತು ಹಿಡಿಯುತ್ತದೆ. ಅವಳಿಗೆ ಸಿದ್ಧಾಂತದ ಚರ್ಚೆಯಲ್ಲಿ ನಿದ್ದೆ ಬರುತ್ತದೆ ಎಂಬುದನ್ನು ಹಿಡಿದು ಅವಳನ್ನು ಹೀಗಳೆಯುವವರು ಈ ‘ಇಲ್ಲ’ವನ್ನು ಎಲ್ಲಿಡುತ್ತಾರೋ ತಿಳಿಯದು. ಕೊನೆಗೆ ಅವಳೂ ವಿನ್‌ಸ್ಟನ್‌ಗೆ ದ್ರೋಹ ಮಾಡಿದಳು, ನಿಜ. ಕೈದಿಗಳನ್ನು ಹಿಂಸಿಸುವ 101ನೆಯ ಕೋಣೆಯಲ್ಲಿ ಇಲಿಗಳ ಪಂಜರ ಮುಖದ ಹತ್ತಿರ ಬಂದಾಗ ವಿನ್‌ಸ್ಟನ್ ಕೂಡ ‘ಜೂಲಿಯಾಗೆ ಮಾಡಿ’ ಎಂದೇ ಕಿರುಚಿದ.

ಬಂಡಾಯಗಾರನಂತೆ ನಟಿಸಿ, ಆಮೇಲೆ ಸೆರೆಯಲ್ಲಿ ವಿನ್‌ಸ್ಟನ್‌ನನ್ನು ಹಿಂಸಿಸುವ ಒಬ್ರಿಯನ್ ಕ್ರೂರಿ, ಅದರಲ್ಲಿ ಚರ್ಚೆಯಿಲ್ಲ. ಆದರೆ ಮೂರನೆಯ ಭಾಗದ ಮೂರನೆಯ ಅಧ್ಯಾಯದಲ್ಲಿ, ನಿಮಗಿಂತ ನೈತಿಕವಾಗಿ ನಾನು ಮೇಲು ಎಂದು ವಿನ್‌ಸ್ಟನ್ ಹೇಳಿದಾಗ ಅವನು ಎದುರು ವಾದಿಸುವುದಿಲ್ಲ. ಆಸಿಡ್ ಎರಚಲೂ ವಿನ್‌ಸ್ಟನ್ ಒಪ್ಪಿದ ಅಂದಿನ ಮಾತುಕತೆಯ ಧ್ವನಿಮುದ್ರಣವನ್ನು ಹಾಕಿ ಕೇಳಿಸುತ್ತಾನೆ, ಅಷ್ಟೆ. ಅದನ್ನು ಓದುತ್ತಿದ್ದಾಗ ನನಗೆ ಮೌಖಿಕ ಪರೀಕ್ಷೆಯ ಕೋಣೆಯೇ ಕಣ್ಣ ಮುಂದೆ ಬಂತು, ಪಾಪ ಆ ಪರೀಕ್ಷಕಿಗೆ ಈ ಹೋಲಿಕೆ ಅನ್ಯಾಯವಾದರೂ.

ಸಲ್ಲಿಸಲು ಇನ್ನು ಹತ್ತು ದಿನಗಳಿವೆ ಎಂದಿದ್ದೀರಿ. ಯಾವ ಪಾತ್ರವನ್ನು ಆರಿಸಿಕೊಂಡರೆ ಅಂಕ ಹೆಚ್ಚು ಎಂಬ ಲೆಕ್ಕವನ್ನು ಬದಿಗಿಟ್ಟು, ಇವತ್ತು ಎರಡನೆಯ ಭಾಗದ ಏಳು ಮತ್ತು ಎಂಟನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿ. ಗೈಡ್ ಕೊಂಡಿದ್ದರೆ ಅದರಲ್ಲಿ ಆ ಅಧ್ಯಾಯಗಳಿಗೆ ಎಷ್ಟು ಸಾಲುಗಳಿವೆ ಎಂದು ಆಮೇಲೆ ನೋಡಿ.