ಹೆದ್ದಾರಿ ಬದಿಯ ಮನೆ ಮತ್ತು ನಾಲ್ಕು ವರ್ಷದ ಮಗು: ಒಂದು ಆಪ್ತಸಲಹೆ ಪ್ರಕರಣ

(ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಂದೆ, ತಾಯಿ ಇಬ್ಬರೂ ಒಪ್ಪಿದ್ದಾರೆ.)

ಜನವರಿಯ ಕೊನೆಯಲ್ಲಿ ಮಕ್ಕಳ ವೈದ್ಯರೊಬ್ಬರ ಸೂಚನೆಯಂತೆ ನನ್ನಲ್ಲಿಗೆ ಬಂದ ಆ ತಾಯಿ ಕುರ್ಚಿಯಲ್ಲಿ ಕುಳಿತ ಕೂಡಲೇ ಚೀಲದಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ತೆಗೆದು ಮೇಜಿನ ಮೇಲಿಟ್ಟರು. ಅದರೊಳಗೆ ಹಳೆಯ ಬಿಳಿ ಪಂಚೆಯ ತುಂಡೊಂದು ಮಡಚಿಕೊಂಡಿತ್ತು. ಬಿಡಿಸಿದರೆ ಮಡಿಕೆ ಮಡಿಕೆಗೂ ಕಪ್ಪು. ಮುಟ್ಟಿದರೆ ದೀಪದ ಮಸಿಯಂತೆ ಬೆರಳಿಗೆ ಅಂಟುತ್ತಿತ್ತು. "ಇದು ಕಿಟಕಿಯಲ್ಲಿ ನಿನ್ನೆ ಒಂದು ದಿವಸ ಕೂತದ್ದು ಮೇಡಂ. ಮಗುವಿನ ಎದೆಯೊಳಗೆ ಎಷ್ಟು ಹೋಗಿರ್ಬಹುದು?" ಎಂದು ಕೇಳಿದರು.

ಬ್ರಹ್ಮಾವರ ಕಡೆಯ ತೋಟದ ಮನೆಯಿಂದ ಒಂದೂವರೆ ವರ್ಷದ ಹಿಂದೆ ಮಂಗಳೂರಿಗೆ ಬಂದ ಈ ಕುಟುಂಬ ಕೊಟ್ಟಾರ ಚೌಕಿಯ ಸಮೀಪ, ರಾಷ್ಟ್ರೀಯ ಹೆದ್ದಾರಿ 66ಕ್ಕೆ ಮುಖಮಾಡಿದ ಕಟ್ಟಡದ ಮೂರನೆಯ ಮಹಡಿಯಲ್ಲಿ ಬಾಡಿಗೆಗಿತ್ತು. ಡಿಸೆಂಬರಿನಲ್ಲಿ ನಾಲ್ಕು ವರ್ಷದ ಮಗಳಿಗೆ ಎರಡು ಬಾರಿ ಉಬ್ಬಸ ಬಂದು, ಒಮ್ಮೆ ನಡುರಾತ್ರಿ ನೆಬ್ಯುಲೈಸರ್ ಕೊಡಿಸಲು ಆಸ್ಪತ್ರೆಗೆ ಓಡಬೇಕಾಗಿತ್ತು. ಆ ರಾತ್ರಿಯ ನಂತರ ತಾಯಿ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದರು, ಮಗುವನ್ನು ಪ್ಲೇಸ್ಕೂಲಿಗೆ ಕಳುಹಿಸುವುದನ್ನೂ ಕದ್ರಿ ಪಾರ್ಕಿಗೆ ಕರೆದೊಯ್ಯುವುದನ್ನೂ ನಿಲ್ಲಿಸಿದರು, ಮೊಬೈಲಿನಲ್ಲಿ ಗಾಳಿಯ ಗುಣಮಟ್ಟದ ಅಂಕಿಯನ್ನು ದಿನಕ್ಕೆ ಮೂವತ್ತು ನಲವತ್ತು ಸಲ ನೋಡತೊಡಗಿದರು.

ಮೊದಲ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಕಡಲ ಬದಿಯ ಊರು ಇದು, ದಿಲ್ಲಿಯಂತಲ್ಲ ಎಂದು ಸಮಾಧಾನ ಹೇಳಲು ಹೊರಟೆ. ಅವರು ಮಾತು ನಿಲ್ಲಿಸಿ ಬಟ್ಟೆಯನ್ನು ಮಡಚತೊಡಗಿದರು. ಮನೆಯಲ್ಲಿ ಗಂಡ ದಿನವೂ ಹೇಳುತ್ತಿದ್ದುದು ಇದನ್ನೇ ಎಂದು ಆಮೇಲೆ ತಿಳಿಯಿತು. ಆಧಾರವಿರುವ ಭಯವನ್ನು ಆಧಾರವಿಲ್ಲ ಎಂದು ತಳ್ಳಿಹಾಕಿದರೆ ಅದು ತಗ್ಗುವುದಿಲ್ಲ. ಹೇಳಿಕೊಳ್ಳಲು ಜನವಿಲ್ಲದೆ ಒಳಗೇ ಬೆಳೆಯುತ್ತದೆ. ಆದ್ದರಿಂದ ಕ್ಷಮೆ ಕೇಳಿ, ಆಧಾರ ಎಷ್ಟಿದೆ ಎಂಬುದರಿಂದಲೇ ಮತ್ತೆ ಆರಂಭಿಸಿದೆ.

ಚಿಕ್ಕ ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಸೇವಿಸುತ್ತಾರೆ, ಅವರ ಶ್ವಾಸನಾಳ ಕಿರಿದು, ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ವಾಸಿಸುವ ಮಕ್ಕಳ ಶ್ವಾಸಕೋಶದ ಬೆಳವಣಿಗೆ, 1,500 ಮೀಟರಿಗಿಂತ ದೂರದಲ್ಲಿರುವ ಮಕ್ಕಳದ್ದಕ್ಕಿಂತ ಕಡಿಮೆಯಿತ್ತು ಎಂದು ದಕ್ಷಿಣ ಕ್ಯಾಲಿಫೋರ್ನಿಯಾದ ದೀರ್ಘಕಾಲದ ಅಧ್ಯಯನವೊಂದು 2007ರಲ್ಲಿ ತೋರಿಸಿತು. ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ವಾರ್ಷಿಕ ಸರಾಸರಿ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 40. ಇಷ್ಟನ್ನು ಮರೆಮಾಚದೆ ಹೇಳಿದೆ. ಬಟ್ಟೆಯಲ್ಲಿ ಕಾಣುವ ಧೂಳಿನ ಬಹುಪಾಲು ದಪ್ಪ ಕಣ, ಅದು ಮೂಗು ಗಂಟಲಿನಲ್ಲೇ ತಡೆಯಲ್ಪಡುತ್ತದೆ, ಆಳಕ್ಕಿಳಿಯುವುದು ಕಣ್ಣಿಗೆ ಕಾಣದ ಕಣ, ಆದುದರಿಂದ ಈ ಬಟ್ಟೆ ಮಗುವಿನ ಎದೆಯ ಲೆಕ್ಕ ಹೇಳಲಾರದು ಎಂದೂ ವಿವರಿಸಿದೆ. ಹೆದ್ದಾರಿಯ ಬದಿಯ ಮಲಿನತೆ ಇನ್ನೂರು ಮುನ್ನೂರು ಮೀಟರ್ ದೂರ ಹೋಗುವಷ್ಟರಲ್ಲಿ ಬಹಳಷ್ಟು ಇಳಿಯುತ್ತದೆ ಎಂದಾಗ ಅವರು ಮೊದಲ ಬಾರಿ ಪೆನ್ನು ಕೇಳಿ ಬರೆದುಕೊಂಡರು.

ಲಂಡನ್ನಿನ ಒಂಬತ್ತು ವರ್ಷದ ಬಾಲಕಿಯ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು 2020ರ ಡಿಸೆಂಬರಿನಲ್ಲಿ ಅಲ್ಲಿನ ವಿಚಾರಣೆ ತೀರ್ಮಾನಿಸಿದ್ದನ್ನು ಅವರು ರಾತ್ರಿ ರಾತ್ರಿ ಓದುತ್ತಿದ್ದರು. ಆ ಮಗುವಿಗೆ ಅತಿ ತೀವ್ರವಾದ ಅಸ್ತಮಾ ಇತ್ತು, ಮತ್ತೆ ಮತ್ತೆ ಆಸ್ಪತ್ರೆಗೆ ದಾಖಲಾಗಿತ್ತು. ಎರಡು ಬಾರಿ ಉಬ್ಬಸ ಬಂದ ಮಗಳನ್ನು ಅದೇ ಸಾಲಿಗೆ ಸೇರಿಸಬಾರದು ಎಂದೆ.

ಎರಡನೆಯ ಭೇಟಿಗೆ ಗಂಡನನ್ನೂ ಅತ್ತೆಯನ್ನೂ ಕರೆಸಿದೆ. ಪ್ರಕರಣದ ತಿರುಳು ಕಂಡದ್ದು ಅಂದು. ದಿನವೂ ಕೊಡಬೇಕೆಂದು ವೈದ್ಯರು ಬರೆದುಕೊಟ್ಟಿದ್ದ ಇನ್‌ಹೇಲರ್ ಹದಿನೈದು ದಿನಗಳಿಂದ ಕಪಾಟಿನಲ್ಲಿತ್ತು. "ಪಂಪು ಅಭ್ಯಾಸವಾದ್ರೆ ಬಿಡ್ಲಿಕ್ಕಾಗುದಿಲ್ಲ, ಹೆಣ್ಣು ಮಗು ಬೇರೆ, ದಮ್ಮು ಉಂಟೂಂತ ಹೆಸರು ಬಂದ್ರೆ ನಾಳೆ ಎಂತ ಮಾಡುದು?" ಎಂಬುದು ಅತ್ತೆಯ ಅಳಲು. ಸೊಸೆ ಎದುರಾಡಲಾರದೆ ಸುಮ್ಮನಾಗಿ, ತನ್ನ ಕೈಯಲ್ಲಿದ್ದ ಒಂದೇ ಕೆಲಸವಾದ ಕಿಟಕಿ ಮುಚ್ಚುವುದಕ್ಕೆ ತೊಡಗಿದ್ದರು. ಮುಚ್ಚಿದ ಆ ಕೋಣೆಯಲ್ಲಿಯೇ ಸಂಜೆ ಮಗುವಿಗೆ ಸಾಂಬ್ರಾಣಿ ಹೊಗೆ, ಮಲೇರಿಯಾದ ಭಯಕ್ಕೆ ರಾತ್ರಿಯಿಡೀ ಸೊಳ್ಳೆಬತ್ತಿ. ಒಂದು ಸೊಳ್ಳೆಬತ್ತಿ ಉರಿದು ಮುಗಿಯುವಾಗ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಶುದ್ಧ ಗಾಳಿಗೆಂದು ವಾರದ ಕೊನೆಗೆ ಊರಿಗೆ ಹೋದಾಗಲೂ, ತೆಂಗಿನ ಸಿಪ್ಪೆ, ಮಡಲು ಉರಿಯುವ ಬಚ್ಚಲ ಒಲೆಯ ಎದುರು ಮಗು ಚಳಿ ಕಾಯಿಸುತ್ತ ಕೂರುತ್ತಿತ್ತು.

ಅತ್ತೆಯನ್ನು ನಾನು ಆಕ್ಷೇಪಿಸಲಿಲ್ಲ. ಮೊಮ್ಮಗಳ ಮೇಲಿನ ಅವರ ಕಾಳಜಿಯಲ್ಲಿ ಕೊರತೆಯಿರಲಿಲ್ಲ, ಮಾಹಿತಿಯಲ್ಲಿ ಇತ್ತು. ಔಷಧದ ವಿಷಯ ನನ್ನದಲ್ಲವಾದ್ದರಿಂದ ಮೂವರನ್ನೂ ಒಟ್ಟಿಗೆ ವೈದ್ಯರಲ್ಲಿಗೆ ಕಳುಹಿಸಿದೆ. ಇನ್‌ಹೇಲರಿನ ಮದ್ದು ಚಟವಾಗುವುದಿಲ್ಲ, ನೇರವಾಗಿ ಶ್ವಾಸನಾಳಕ್ಕೆ ತಲುಪುವುದರಿಂದ ಅಲ್ಪ ಪ್ರಮಾಣವೇ ಸಾಕು ಎಂಬ ಮಾತನ್ನು ಅತ್ತೆ ವೈದ್ಯರ ಬಾಯಿಂದಲೇ ಕೇಳಬೇಕಿತ್ತು. ಪಕ್ಕೆ ಒಳಗೆ ಸೆಳೆದರೆ, ಮಾತಾಡಲೋ ಕುಡಿಯಲೋ ಆಗದಿದ್ದರೆ, ತುಟಿ ನೀಲಿಯಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಅವರು ಅಲ್ಲಿಂದಲೇ ಬರೆಸಿಕೊಂಡು ಬಂದು ಫ್ರಿಜ್ಜಿನ ಮೇಲೆ ಅಂಟಿಸಿದರು.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಬೇರೊಂದು ಸಂಗತಿ. ಮೂರನೆಯ ಭೇಟಿಯ ದಿನ ಕೋಣೆಯ ಬಾಗಿಲು ತೆರೆದ ಕೂಡಲೇ ಮಗು ಎರಡೂ ಅಂಗೈಗಳಿಂದ ಮೂಗು ಮುಚ್ಚಿಕೊಂಡು, "ಗಾಳಿ ಕೆಟ್ಟದು" ಎಂದಿತು. ನಾಲ್ಕರ ಪ್ರಾಯದಲ್ಲಿ ಓಡಾಟ, ಮಣ್ಣು, ಜೊತೆಗಾರರು ಬೇಕು. ಅದರ ನಷ್ಟವೂ ಆರೋಗ್ಯದ ನಷ್ಟವೇ. ಮಗುವಿನ ಮುಖಕ್ಕೆ ದೊಡ್ಡವರ ಎನ್-95 ಮಾಸ್ಕ್ ಕಟ್ಟುವುದನ್ನು ನಿಲ್ಲಿಸಲು ಹೇಳಿದೆ. ಅದು ಆ ಮುಖದ ಅಳತೆಯದಲ್ಲ, ಅಂಚಿನಿಂದ ಗಾಳಿ ನುಸುಳುತ್ತದೆ, ಮಗುವಿಗೆ ಉಸಿರು ಕಟ್ಟಿದಂತಾಗುತ್ತದೆ.

ಅವರ ಮನೆಗೆ ಹೊಂದುವಂತೆ ಕೊಟ್ಟ ಸಲಹೆ ಹೀಗಿತ್ತು. ರಸ್ತೆ ಕಡೆಯ ಕಿಟಕಿಗಳನ್ನು ಬೆಳಿಗ್ಗೆ ಮತ್ತು ಸಂಜೆ ವಾಹನ ದಟ್ಟಣೆಯ ಹೊತ್ತಿಗೆ ಮುಚ್ಚಿ, ಮಧ್ಯಾಹ್ನ ಕಡಲ ಗಾಳಿ ಬೀಸುವಾಗ ತೆರೆಯಬೇಕು. ತೆಂಗಿನ ಮರಗಳಿರುವ ಹಿಂಬದಿಯ ಕಿಟಕಿ ತೆರೆದೇ ಇರಲಿ. ಮಗುವಿನ ಮಲಗುವ ಕೋಣೆಯನ್ನು ಹಿಂಬದಿಗೆ ಬದಲಾಯಿಸುವುದು, ಬತ್ತಿಯ ಬದಲು ಸೊಳ್ಳೆಪರದೆ, ಪೊರಕೆಯ ಬದಲು ಒದ್ದೆ ಬಟ್ಟೆ. ಏರ್ ಪ್ಯೂರಿಫೈಯರಿನ ಹಣವನ್ನು ಸದ್ಯಕ್ಕೆ ತೆಗೆದಿಡಿ, ಒಳಗಿನ ಹೊಗೆ ನಿಂತ ಮೇಲೂ ಬೇಕೆನಿಸಿದರೆ ನೋಡೋಣ ಎಂದೆ. ಮೊಬೈಲಿನ ಅಂಕಿ ದಿನಕ್ಕೆ ಎರಡೇ ಸಲ. ಬೇರೆ ಬೇರೆ ಆ್ಯಪ್‌ಗಳು ಬೇರೆ ಬೇರೆ ದೇಶಗಳ ಮಾಪನಕ್ರಮ ಬಳಸುವುದರಿಂದ ಒಂದೇ ಗಾಳಿಗೆ ಎರಡು ಅಂಕಿ ಬರುವುದುಂಟು ಎಂದು ಅವರ ಫೋನಿನಲ್ಲೇ ತೋರಿಸಿದೆ. ಅದರ ಬದಲು ರಾತ್ರಿಯ ಕೆಮ್ಮು, ಪಂಪು ಕೊಟ್ಟ ಹೊತ್ತು, ಆಡಿದ ಹೊತ್ತು ಇಷ್ಟನ್ನು ಪುಸ್ತಕದಲ್ಲಿ ಬರೆಯಲು ತಿಳಿಸಿದೆ. ಗಾಳಿಯನ್ನು ಕಾಯುತ್ತಿದ್ದ ಕಣ್ಣು ಮಗುವಿನ ಮೇಲೆ ನೆಲೆಸಬೇಕಿತ್ತು.

ಗಂಡನಿಗೆ ವಹಿಸಿದ್ದು ದಾರಿಯ ಹೊಣೆ. ಅವರು ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಸಾಲುಗಟ್ಟಿದ ಬಸ್ಸು, ಟ್ಯಾಂಕರುಗಳ ಹಿಂದೆ ಕಾಯುತ್ತ ಹೋಗುತ್ತಿದ್ದರು. ಹೊಗೆ ನಳಿಗೆಯ ಎತ್ತರದಲ್ಲೇ ಮಗುವಿನ ಮುಖ. ಒಳರಸ್ತೆಯಲ್ಲಿ ಹೋದರೆ ಏಳು ನಿಮಿಷ ಹೆಚ್ಚಾಗುತ್ತದೆ ಎಂದರು. ಹತ್ತು ದಿನ ಹೋಗಿ ನೋಡಿ ಎಂದೆ. "ಇಲ್ಲಿ ಮನೆ ಮಾಡಿದ್ದು ನಾನು. ತಪ್ಪು ಒಪ್ಪಿದ್ರೆ ಬೇರೆ ಮನೆಗೆ ದುಡ್ಡು ಎಲ್ಲಿಂದ ತರ್ಲಿ ಅಂತ ಸುಮ್ಮನಿದ್ದೆ" ಎಂದು ಅವರು ನೆಲ ನೋಡುತ್ತ ಹೇಳಿದ್ದು ಅಂದೇ. ಹೆಂಡತಿ ಆ ಮಾತನ್ನು ಮೊದಲ ಸಲ ಕೇಳುತ್ತಿದ್ದರು.

ಏಪ್ರಿಲ್ ಹೊತ್ತಿಗೆ ಐದು ಭೇಟಿಗಳಾಗಿದ್ದವು. ಮಗು ಪ್ಲೇಸ್ಕೂಲಿಗೆ ಮರಳಿದೆ, ಪಂಪು ತಪ್ಪದೆ ನಡೆದಿದೆ, ಮಾರ್ಚಿನಲ್ಲಿ ಒಂದು ಶೀತ ಬಂದು ಉಬ್ಬಸವಿಲ್ಲದೆ ಹೋಯಿತು. ತಾಯಿಯ ನಿದ್ರೆ ಪೂರ್ತಿ ಸರಿಯಾಗಿಲ್ಲ. ರಾತ್ರಿ ಕೆಮ್ಮು ಕೇಳಿದರೆ ಈಗಲೂ ಎದ್ದು ಕೂರುತ್ತಾರೆ, ಆದರೆ ಗಂಡನನ್ನೂ ಎಬ್ಬಿಸುತ್ತಾರೆ. ಬಾಡಿಗೆ ಕರಾರು ಮುಗಿಯುವ ಮೊದಲು ಹೆದ್ದಾರಿಯಿಂದ ಕನಿಷ್ಠ ಮುನ್ನೂರು ಮೀಟರ್ ದೂರದ ಮನೆ ಹುಡುಕುವುದೆಂದು ಇಬ್ಬರೂ ನಿರ್ಧರಿಸಿದ್ದಾರೆ. ಮುಂದಿನ ಭೇಟಿಯನ್ನು ನವೆಂಬರಿಗೆ, ಚಳಿ ಶುರುವಾಗುವ ಮೊದಲು, ಇಟ್ಟುಕೊಂಡಿದ್ದೇವೆ.